ಕಟ್ಟೆಯ ಮೇಲೆ ತೊಂಬತ್ತು ಹೆಸರು

ಯುಗಾದಿ ದಾಟಿ ಮೂರು ದಿನ. ಸಿರಸಂಗಿ ಕಾಳಮ್ಮನ ಜಾತ್ರೆಗೆ ಬಂದ ಪರ ಊರಿನ ಬಡಿಗೇರರು, ಪತ್ತಾರರು ಗಾಡಿ ಹತ್ತಿ ಹೋಗಿಯಾಗಿದೆ. ಬೆಂಡು-ಬತ್ತಾಸಿನವನೊಬ್ಬ ಮಾತ್ರ ತಾಡಪತ್ರಿ ಮಡಚುತ್ತ ಉಳಿದಿದ್ದಾನೆ. ಕಟ್ಟೆಯ ಮೇಲೆ ಆರು ಮಂದಿ, ನಡುವೆ ಒಂದು ನೋಟ್‌ಬುಕ್. ಐಪಿಎಲ್ ಶುರುವಾಗುವುದರೊಳಗೆ ಇವರ ತಂಡಗಳು ಕಟ್ಟಿ ಮುಗಿಯಬೇಕು.

ದುಡ್ಡಿಲ್ಲದ ಹರಾಜು ಇದು. ಚೀಟಿ ಎತ್ತಿ ಸರದಿ. ಒಂದರಿಂದ ಆರು, ಆಮೇಲೆ ಆರರಿಂದ ಒಂದು, ಹಾವು ಹರಿದ ಹಾಗೆ. ಒಬ್ಬ ಕೂಗಿದ ಆಟಗಾರ ಮತ್ತೊಬ್ಬನಿಗಿಲ್ಲ. ತಲೆಗೆ ಹದಿನೈದು ಹೆಸರು.

ಒಂದನೇ ಚೀಟಿಯ ಹುಡುಗ ಉಸಿರೂ ಎಳೆಯಲಿಲ್ಲ. “ಕೊಹ್ಲಿ!”

“ಗೊತ್ತಿತ್ತಲೇ ನಿನ್ನ ಹಣೇಬರಾ,” ಅಂದ ಎರಡನೆಯವ, “ಬುಮ್ರಾ” ಎಂದು ಬರೆಸಿದ.

ಮೊದಲು ಇದೆಲ್ಲ ಮೊಬೈಲಿನಲ್ಲಿ, ಡ್ರೀಮ್ ಇಲೆವನ್ ಆ್ಯಪಿನಲ್ಲಿತ್ತು. ಏಳಕ್ಕೆ ಟಾಸು, ಏಳೂವರೆಗೆ ಆಟ. ನಡುವಿನ ಅರ್ಧ ತಾಸಿನಲ್ಲಿ ನೂರು ಕ್ರೆಡಿಟ್ಟಿನೊಳಗೆ ಹನ್ನೊಂದು ಮಂದಿಯನ್ನು ಹಿಡಿಸಬೇಕು. ಕ್ಯಾಪ್ಟನ್ನಿಗೆ ಇಮ್ಮಡಿ ಅಂಕ, ವೈಸ್ ಕ್ಯಾಪ್ಟನ್ನಿಗೆ ಒಂದೂವರೆ ಪಟ್ಟು. ಉಣ್ಣಲು ಕರೆದ ತಾಯಿಯ ದನಿಯೂ ಕಿವಿಗೆ ಬೀಳುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸುವ ಕೇಂದ್ರದ ಕಾನೂನು ಬಂತು, ಡ್ರೀಮ್ ಇಲೆವನ್ ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಒಳ್ಳೆಯದೇ ಆಯಿತು ಎನ್ನುವವನು ನಾನು. ಆಟದ ಚಟ ಮಾತ್ರ ನೋಟ್‌ಬುಕ್ಕಿಗೆ ಇಳಿದು ಕೂತಿತು. ಈಗ ಪಣವೆಂದರೆ ಮಿರ್ಚಿ ಭಜಿ.

ನಿಯಮ ಅಮೆರಿಕದ್ದು. ಅಲ್ಲಿನ ಫುಟ್‌ಬಾಲ್ ಹುಚ್ಚರು ಇದಕ್ಕೆ ‘ಬೆಸ್ಟ್ ಬಾಲ್’ ಅನ್ನುತ್ತಾರೆ. ಆರಿಸುವುದು ಒಮ್ಮೆ ಮಾತ್ರ. ಆಮೇಲೆ ಒಬ್ಬನನ್ನು ತೆಗೆಯುವಂತಿಲ್ಲ, ಒಬ್ಬನನ್ನು ಸೇರಿಸುವಂತಿಲ್ಲ. ವಾರ ತುಂಬಿದಾಗ ಹದಿನೈದರಲ್ಲಿ ಚೆನ್ನಾಗಿ ಆಡಿದ ಹನ್ನೊಂದು ಜನರ ಅಂಕ ತಾನೇ ಲೆಕ್ಕಕ್ಕೆ ಬರುತ್ತದೆ. ರನ್ನಿಗೆ ಒಂದು, ವಿಕೆಟ್ಟಿಗೆ ಇಪ್ಪತ್ತೈದು, ಕ್ಯಾಚಿಗೆ ಎಂಟು.

ನಾಲ್ಕನೇ ಚೀಟಿಯ ಕಾಕಾಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. “ಅಕ್ಕಡಿ ಹಾಕಿದಂಗ ಅನ್ನು. ಜೋಳ ಕೈ ಕೊಟ್ರ ಕುಸುಬಿ ಬರ್ತದ. ಬಿತ್ತಿದ ಮ್ಯಾಲ ಹೊಲದಾಗ ಕೈ ಹಾಕಂಗಿಲ್ಲ.”

ಅವರ ಪುಟವೂ ಹಾಗೇ ಇದೆ. ಹೆಸರುವಾಸಿ ಬ್ಯಾಟುಗಾರರು ಇಬ್ಬರೇ. ಉಳಿದವರು ಎರಡು ಓವರ್ ಎಸೆದು ಇಪ್ಪತ್ತು ರನ್ ಬಾರಿಸುವ ಮಂದಿ. ಹುಡುಗರ ಪುಟಗಳಲ್ಲಿ ಬರೀ ಸಿಕ್ಸರಿನವರು.

ಒಂಬತ್ತು ಸುತ್ತು ಮುಗಿಯುವ ಹೊತ್ತಿಗೆ ಕತ್ತಲಾಗಿ ಯಾರೋ ಮೊಬೈಲಿನ ಬೆಳಕು ಹಿಡಿದರು. ಹತ್ತನೇ ಸುತ್ತು, ಕಾಕಾನ ಸರದಿ.

“ಕಾಕಾ, ಲಗೂ ಹೇಳ್ರಿ.”

“ಕೃಣಾಲ್ ಪಾಂಡ್ಯ.”

ಕೊಹ್ಲಿ ಹುಡುಗ ಹಣೆ ಬಡಿದುಕೊಂಡ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ ಆರು ರನ್ನಿನಿಂದ ಗೆದ್ದು ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದಾಗ ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತವನು, ಪಂದ್ಯಶ್ರೇಷ್ಠನಾದವನು ಇದೇ ಕೃಣಾಲ್. ಆ ರಾತ್ರಿ ಪಟಾಕಿ ಹಚ್ಚಿದ ಹುಡುಗನಿಗೆ ಈ ಹೆಸರು ನೆನಪಾಗಲೇ ಇಲ್ಲ.

ಕಾಕಾ ಬೀಡಿ ಹಚ್ಚಿದರು. ಐವತ್ತೇಳನೇ ಹೆಸರು ಬರೆದಾಯಿತು. ಇನ್ನೂ ಮೂವತ್ಮೂರು ಬಾಕಿ.