ಪಿತ್ತಗಂಧೆಯೂ ಆಹಾರದ ಅಲರ್ಜಿಯೂ

ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಮೈಮೇಲೆ ದದ್ದುಗಳೆದ್ದು ತುರಿಕೆ ತೊಡಗಿದರೆ ಕನ್ನಡಿಗರು ಅದನ್ನು ಪಿತ್ತಗಂಧೆ ಎನ್ನುವರು. ಪುಣೆಯ ಮರಾಠಿ ನೆರೆಹೊರೆಯವರೂ 'ಪಿತ್ತ' ಎದ್ದಿತೆಂದೇ ಹೇಳಿ ಆಮಸೂಲದ ನೀರನ್ನು ಹಚ್ಚುವರು. ಆಯುರ್ವೇದವು ಶೀತಪಿತ್ತವೆಂದು ವರ್ಣಿಸಿರುವ ವ್ಯಾಧಿಯ ನೆನಪು ಎರಡು ನುಡಿಗಳಲ್ಲಿಯೂ ಹೀಗೆ ಉಳಿದುಬಂದಿದೆ. ಆದರೆ ಒಂದೇ ಹೆಸರಿನ ಕೆಳಗೆ ಹಲವು ಬೇರೆಬೇರೆ ಕಾರಣಗಳು ಅಡಗಿವೆಯೆಂಬುದನ್ನು ಮರೆಯಲಾಗದು.

ಮುಳಾ-ಮುಠಾ ನದಿಯ ದಂಡೆಯ ಖರಾಡಿಯು ಒಂದು ಕಾಲಕ್ಕೆ ಪುಣೆಯ ಹೊರಗಿನ ಹಳ್ಳಿ. ಇಂದು ಮಾಹಿತಿ ತಂತ್ರಜ್ಞಾನದ ಉದ್ಯೋಗಸ್ಥರು ನೆಲೆಸಿರುವ ಬಡಾವಣೆ. ಉತ್ತರ ಕರ್ನಾಟಕದ ಶೇಂಗಾ ಚಟ್ನಿ, ಕರಾವಳಿಯ ಬಂಗುಡೆ, ಮಹಾರಾಷ್ಟ್ರದ ಸಾಬುದಾಣಿ ಖಿಚಡಿ ಇವೆಲ್ಲ ನೆರೆನೆರೆಯ ಅಡಿಗೆಮನೆಗಳಲ್ಲಿ ಸಿದ್ಧವಾಗಬಲ್ಲ ಇಂಥ ಸ್ಥಳದಲ್ಲಿ, ಮಗುವಿನ ಮೈಮೇಲೆ ಗಂಧೆ ಎದ್ದಾಗ ಯಾವ ಪದಾರ್ಥವನ್ನು ದೂಷಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ.

'ಅಲರ್ಜಿ' ಎಂಬ ಶಬ್ದವನ್ನು 1906ರಲ್ಲಿ ರೂಪಿಸಿದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. 1921ರಲ್ಲಿ ಪ್ರೌಸ್ನಿಟ್ಜ್ ಎಂಬ ವಿಜ್ಞಾನಿಯು, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮದೊಳಗೆ ಚುಚ್ಚಿಸಿಕೊಂಡನು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ದದ್ದು ಎದ್ದಿತು. ದೋಷವು ರಕ್ತದಲ್ಲಿರುವ ಯಾವುದೋ ವಸ್ತುವಿನದೆಂದು ಇದರಿಂದ ಸಿದ್ಧವಾಯಿತು. ಆ ವಸ್ತುವು ಐಜಿಇ ಎಂಬ ಪ್ರತಿಕಾಯವೆಂದು ಇಶಿಜಾಕಾ ದಂಪತಿಗಳು 1966ರಲ್ಲಿ ತೋರಿಸಿದರು. ಚರ್ಮದ ಮಾಸ್ಟ್ ಕೋಶಗಳಿಗೆ ಈ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಒಗ್ಗದ ಆಹಾರದ ಪ್ರೋಟೀನು ಅವನ್ನು ಮುಟ್ಟಿದೊಡನೆ ಕೋಶಗಳು ಹಿಸ್ಟಮಿನನ್ನು ಹೊರಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗಿ, ನೀರು ಒಸರಿ, ಗಂಧೆಯೇಳುತ್ತದೆ. ಇದು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ತಾಸಿನೊಳಗೆ ನಡೆಯುವ ಕ್ರಿಯೆ. ಆರು ವಾರಗಳನ್ನು ಮೀರಿ ಮರುಕಳಿಸುವ ಗಂಧೆಗೆ ಆಹಾರವು ಕಾರಣವಾಗುವುದು ವಿರಳ.

ಹಿಸ್ಟಮಿನು ಆಹಾರದಲ್ಲಿಯೇ ಇರುವುದೂ ಉಂಟು. ಬಂಗುಡೆಯಂಥ ಮೀನನ್ನು ಮಂಜುಗಡ್ಡೆಯಿಲ್ಲದೆ ಇಟ್ಟರೆ ಬ್ಯಾಕ್ಟೀರಿಯಗಳು ಅದರಲ್ಲಿ ಹಿಸ್ಟಮಿನನ್ನು ಉತ್ಪಾದಿಸುತ್ತವೆ. ಬೇಯಿಸಿದರೂ ಅದು ನಾಶವಾಗದು. ಆ ಮೀನನ್ನುಂಡವರ ಮುಖ ಕೆಂಪಡರಿ ಮೈ ತುರಿಸಿದರೆ ಅದು ಕೆಟ್ಟ ಮೀನಿನ ವಿಷವೇ ಹೊರತು ಅಲರ್ಜಿಯಲ್ಲ. ತಾಜಾ ಮೀನನ್ನು ಅವರು ನಿಶ್ಚಿಂತೆಯಿಂದ ಉಣ್ಣಬಹುದು. ಹಿರಿಯರು 'ನಂಜು' ಎಂದು ದೂರವಿಡುತ್ತಿದ್ದ ಬದನೆಯಲ್ಲಿಯೂ ಹಿಸ್ಟಮಿನಿನ ಅಂಶವಿದೆ. ಬದನೆಯ ಅಲರ್ಜಿಯು ಸ್ತ್ರೀಯರಲ್ಲಿ ಹೆಚ್ಚೆಂದು ಮೈಸೂರಿನ ಸಂಶೋಧಕರು 2008ರಲ್ಲಿ ವರದಿಮಾಡಿದ್ದಾರೆ. ಹಿರಿಯರ ಅನುಭವವು ಪೂರ್ತಿ ನಿರಾಧಾರವಲ್ಲವೆಂದಾಯಿತು. ಆದರೆ ಎಲ್ಲರಿಗೂ ಅನ್ವಯಿಸುವ ನಿಷೇಧವೂ ಅದಲ್ಲ.

ಈ ವಿವೇಚನೆಗೆ ಕರ್ನಾಟಕದಲ್ಲಿಯೇ ಬಲವಾದ ಆಧಾರವಿದೆ. 20ರಿಂದ 54 ವರ್ಷದೊಳಗಿನ 11,791 ಮಂದಿಯನ್ನು ಪ್ರಶ್ನಿಸಿ, ಅವರಲ್ಲಿ 588 ಮಂದಿಯನ್ನು 24 ಆಹಾರಗಳ ಬಗ್ಗೆ ವಿವರವಾಗಿ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಂತೆ ಶೇಕಡಾ 26.5ರಷ್ಟು ಜನರ ರಕ್ತದಲ್ಲಿ ಆಹಾರಗಳ ವಿರುದ್ಧ ಐಜಿಇ ಕಂಡುಬಂದರೂ, ಆಹಾರದ ಅಲರ್ಜಿ ಇರಬಹುದಾದವರು ಶೇಕಡಾ 1.2 ಮಾತ್ರ, ಅದರಲ್ಲಿಯೂ ಹಸುವಿನ ಹಾಲು ಮತ್ತು ಸೇಬು ಮುಖ್ಯವಾದುವು. ರಕ್ತಪರೀಕ್ಷೆಯ ಪಟ್ಟಿಯೊಂದನ್ನೇ ನಂಬಿ ಹಾಲು, ಗೋದಿ, ಬೇಳೆಗಳನ್ನು ಮಗುವಿನ ತಟ್ಟೆಯಿಂದ ತೆಗೆದುಹಾಕುವುದು ಎಷ್ಟು ಅವಿಚಾರದ ಕಾರ್ಯವೆಂಬುದು ಇದರಿಂದಲೇ ಸ್ಪಷ್ಟ. ಉಂಡ ಪದಾರ್ಥ, ಉಂಡ ವೇಳೆ, ಗಂಧೆಯೆದ್ದ ವೇಳೆ, ಹಿಂದೆಯೂ ಹೀಗಾಗಿತ್ತೇ ಎಂಬ ವಿವರ ಇವನ್ನು ಬರೆದಿಟ್ಟು ವೈದ್ಯರ ಮುಂದಿಡುವುದು ಪರೀಕ್ಷೆಗಿಂತ ಮೊದಲಿನ ಹೆಜ್ಜೆ.

ಅನಾವಶ್ಯಕ ಪಥ್ಯವು ಪೋಷಣೆಯನ್ನಷ್ಟೇ ಕೆಡಿಸುವುದಿಲ್ಲ. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಹಸುಗೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇಂಗಾವನ್ನು ವರ್ಜಿಸಿದವರ ಪೈಕಿ ಐದನೆಯ ವಯಸ್ಸಿಗೆ ಶೇಕಡಾ 17.2 ಮಂದಿಗೆ ಅದರ ಅಲರ್ಜಿ ಉಂಟಾಯಿತು. ಚಿಕ್ಕಂದಿನಿಂದಲೇ ತಿಂದವರಲ್ಲಿ ಶೇಕಡಾ 3.2 ಮಂದಿಗೆ ಮಾತ್ರ. ಆದರೆ ಇಂಥ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಶೇಂಗಾವನ್ನು ಮೊದಲಬಾರಿಗೆ ಕೊಡಲಾಗದು.

ನಿಜವಾದ ಅಲರ್ಜಿ ನಿರ್ಣಯವಾದವರಿಗಾದರೋ ಎಚ್ಚರಿಕೆಯು ಪ್ರಾಣರಕ್ಷಣೆಯ ವಿಷಯ. ಪೊಟ್ಟಣದ ಆಹಾರದ ಮೇಲೆ ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದವುಗಳನ್ನು ನಮೂದಿಸಬೇಕೆಂದು 2020ರ ಭಾರತೀಯ ನಿಯಮಗಳು ವಿಧಿಸುತ್ತವೆ. ನೆರೆಮನೆಯ ಖಿಚಡಿಗೆ ಅಂಥ ಚೀಟಿಯಿಲ್ಲವಾದುದರಿಂದ ಕೇಳಿಯೇ ತಿನ್ನಬೇಕು. ಗಂಧೆಯೊಡನೆ ನಾಲಗೆ ಊದುವುದು, ದನಿ ಬದಲಾಗುವುದು, ಉಬ್ಬಸ, ಪದೇ ಪದೇ ವಾಂತಿ, ತಲೆ ತಿರುಗುವಿಕೆ ಇವು ಕಂಡರೆ ಆಮಸೂಲವನ್ನೂ ತುರಿಕೆಯ ಮಾತ್ರೆಯನ್ನೂ ನಂಬಿ ಕೂಡುವ ಕಾಲವಲ್ಲ. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅದಕ್ಕೆ ಮೊದಲ ಚಿಕಿತ್ಸೆ. ರೋಗಿಯನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಕೂಡಲೆ 108ಕ್ಕೆ ಕರೆಮಾಡಬೇಕು.

ಚರ್ಮವು ಸತ್ಯವನ್ನೇ ನುಡಿಯುವ ಸಾಕ್ಷಿ. ಆದರೆ ಅಪರಾಧಿಯ ಹೆಸರನ್ನು ಅದು ಹೇಳಲಾರದು. ಆ ಹೆಸರನ್ನು ವಿಚಾರಿಸಿ ತಿಳಿಯುವ ತಾಳ್ಮೆಯಿದ್ದಲ್ಲಿ ಮಗುವಿಗೆ ಊಟವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.