ಮುಖ ಮಸುಕಾದರೂ ಊರು ಕಾಣುತ್ತದೆ

ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗಳ ವಾರ್ಷಿಕ ವರದಿ, ಭಿತ್ತಿಪತ್ರ, ಕರಪತ್ರಗಳಲ್ಲಿ ಅಚ್ಚಾಗುವ ಛಾಯಾಚಿತ್ರಗಳ ಕುರಿತ ಚರ್ಚೆ ಸಾಮಾನ್ಯವಾಗಿ ಮಗುವಿನ ಮುಖವೊಂದನ್ನೇ ಹಿಡಿದು ನಡೆಯುತ್ತದೆ. ಮುಖ ತೋರಿಸಬೇಕೇ, ಮಸುಕು ಮಾಡಬೇಕೇ, ಕಣ್ಣಿನ ಮೇಲೊಂದು ಕಪ್ಪು ಪಟ್ಟಿ ಎಳೆದರೆ ಸಾಕೇ ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಯಾರೂ ಯಾರಿಗೂ ಪರಿಚಯವಿಲ್ಲದ ಮಹಾನಗರದಲ್ಲಿ ಇಷ್ಟು ಎಚ್ಚರ ಸಾಕಾಗಬಹುದೇನೋ. ಆದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ, ಬೆನ್ನು ತಿರುಗಿಸಿ ನಡೆದು ಹೋಗುವವರನ್ನೂ ಇಂಥವರ ಮನೆಯವರೆಂದು ಗುರುತಿಸುವ ಓಣಿಗಳಲ್ಲಿ, ಮಗುವಿನ ಗುರುತು ಮುಖದಲ್ಲಿ ಮಾತ್ರ ಇರುವುದಿಲ್ಲ. ಅದು ಮಗುವಿನ ಹಿಂದಿರುವ ಗೋಡೆಯಲ್ಲಿ, ತೊಟ್ಟ ಅಂಗಿಯಲ್ಲಿ, ಚಿತ್ರದ ಕೆಳಗೆ ಬರೆದ ಒಂದು ಸಾಲಿನಲ್ಲಿ ಹರಡಿಕೊಂಡಿರುತ್ತದೆ. ಹಾಗಾಗಿ ಕ್ಯಾಮೆರಾ ಹಿಡಿದವರಿಗಿಂತ ಹೆಚ್ಚಿನ ಹೊಣೆ ಚಿತ್ರ ತೆಗೆಸುವವರದು ಮತ್ತು ಚಿತ್ರ ಸಂಪಾದಿಸುವವರದು. ಚಿತ್ರ ಸಂಪಾದನೆ ಎಂದರೆ ಬಣ್ಣ ತಿದ್ದುವುದಷ್ಟೇ ಅಲ್ಲ. ತೆಗೆದ ನೂರಾರು ಚಿತ್ರಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಉಳಿಸಿದ್ದನ್ನು ಎಲ್ಲಿ ಕತ್ತರಿಸಬೇಕು, ಅದರ ಕೆಳಗೆ ಏನು ಬರೆಯಬೇಕು ಎಂದು ನಿರ್ಧರಿಸುವ ಕೆಲಸವೆಲ್ಲ ಅದರಲ್ಲಿ ಸೇರುತ್ತದೆ.

ಮಕ್ಕಳ ಹಕ್ಕಿನ ಚಳವಳಿಗೂ ಛಾಯಾಚಿತ್ರಕ್ಕೂ ಇರುವ ನಂಟು ಬಹಳ ಹಳೆಯದು. 1919ರಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಇಂಗ್ಲೆಂಡಿನ ಮಹಿಳೆ ಹಸಿವಿನಿಂದ ಕೃಶವಾದ ಆಸ್ಟ್ರಿಯಾದ ಮಗುವಿನ ಚಿತ್ರವಿದ್ದ ಕರಪತ್ರವನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿ ಬಂಧನಕ್ಕೊಳಗಾದರು, ಐದು ಪೌಂಡು ದಂಡಕ್ಕೂ ಗುರಿಯಾದರು. ಅದೇ ವರ್ಷ ಅವರು ಕಟ್ಟಿದ ಸಂಸ್ಥೆಯೇ ಸೇವ್ ದಿ ಚಿಲ್ಡ್ರನ್, ಮತ್ತು ಅವರು ಸಿದ್ಧಪಡಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನೇ 1924ರಲ್ಲಿ ರಾಷ್ಟ್ರಗಳ ಒಕ್ಕೂಟ ಅಂಗೀಕರಿಸಿತು. ಅದಕ್ಕೂ ಮೊದಲೇ, 1908ರಲ್ಲಿ, ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯು ಲೂಯಿಸ್ ಹೈನ್ ಎಂಬ ಶಾಲಾ ಶಿಕ್ಷಕರನ್ನು ಛಾಯಾಗ್ರಾಹಕರಾಗಿ ನೇಮಿಸಿಕೊಂಡಿತ್ತು. ಹತ್ತಿ ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಅವರು ಚಿತ್ರಿಸಿದರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಗೆ ಹೋಲಿಸಿ ಅಳೆದುಕೊಂಡು, ವಯಸ್ಸು, ಕೂಲಿ, ದುಡಿಮೆಯ ಅವಧಿಯನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. ಹೈನ್ ಅವರ ಚಿತ್ರಗಳಿಗೆ ಸಾಕ್ಷ್ಯದ ಬಲ ಬಂದದ್ದು ಈ ಟಿಪ್ಪಣಿಗಳಿಂದ; ಅವುಗಳನ್ನು ತೆಗೆದುಹಾಕಿದರೆ ಯಂತ್ರದ ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳು ಮಾತ್ರ ಉಳಿಯುತ್ತಾಳೆ.

ಟಿಪ್ಪಣಿಯಿಲ್ಲದ ಚಿತ್ರ ಸಾಕ್ಷ್ಯವಾಗದು ಎಂಬ ಈ ಮಾತು ಹಾವೇರಿ ಸೀಮೆಯಲ್ಲಿ ಸರಿಯಾಗಿ ಅರ್ಥವಾಗುವುದು ಬೀಜೋತ್ಪಾದನೆಯ ಹೊಲದಲ್ಲಿ. ಧಾರವಾಡದ ಕೃಷಿ ವಿಜ್ಞಾನಿ ಬಿ. ಎಚ್. ಕಟರ್ಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ರೂಪಿಸಿದ ಮೇಲೆ ಈ ಭಾಗದಲ್ಲಿ ಸಂಕರ ಹತ್ತಿ ಮನೆಮಾತಾಯಿತು, ಅದರೊಂದಿಗೆ ಸಂಕರ ಬೀಜ ತಯಾರಿಸುವ ಕೆಲಸವೂ ಹಬ್ಬಿತು. ಮುಂದೆ ತರಕಾರಿ ಬೀಜಗಳೂ ಅದಕ್ಕೆ ಸೇರಿಕೊಂಡವು. ರೈತರು ಕ್ರಾಸಿಂಗ್ ಎಂದು ಕರೆಯುವ ಈ ಕೆಲಸ ಪೂರ್ತಿ ಕೈಬೆರಳಿನದು. ಮರುದಿನ ಅರಳಲಿರುವ ಹತ್ತಿಯ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನದ ಮೇಲೆ ಆರಿಸಿ, ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಊರಿ ಎಸಳನ್ನೂ ಕೇಸರವನ್ನೂ ಒಟ್ಟಿಗೆ ಸುಲಿದು ತೆಗೆದು, ನಡುವಿನ ಶಲಾಕೆಗೆ ಗಾಯವಾಗದಂತೆ ಉಳಿಸಿ, ಗುರುತಿಗೆ ಕೆಂಪು ಕಾಗದ ಮುಚ್ಚುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಗಿಡಗಳಿಂದ ಕಿತ್ತ ಹೂವಿನ ಪರಾಗವನ್ನು ಆ ಶಲಾಕೆಗೆ ಸವರುತ್ತಾರೆ. ಒಂದೊಂದು ಮೊಗ್ಗಿಗೂ ಎರಡೆರಡು ಸಲ ಕೈ ತಾಗಬೇಕಾದ, ಶಾಲೆ ನಡೆಯುವ ತಿಂಗಳುಗಳಲ್ಲೇ ಬರುವ ಈ ಕೆಲಸಕ್ಕೆ, ಗಿಡದಷ್ಟೇ ಎತ್ತರದ, ಕಡಿಮೆ ಕೂಲಿಗೆ ಒದಗುವ ಮಕ್ಕಳನ್ನು, ಅವರಲ್ಲೂ ಹೆಣ್ಣುಮಕ್ಕಳನ್ನು ಹಚ್ಚುವ ರೂಢಿ ದಕ್ಷಿಣ ಭಾರತದ ಬೀಜದ ಹೊಲಗಳಲ್ಲಿ ಬೆಳೆದದ್ದನ್ನು ದಾವುಲೂರಿ ವೆಂಕಟೇಶ್ವರಲು ಅವರಂಥ ಸಂಶೋಧಕರು ಎರಡು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ.

ಹತ್ತಿ ಗಿಡಗಳ ನಡುವೆ ಕೆಂಪು ಕಾಗದದ ಚೂರುಗಳು, ಅವುಗಳ ಮೇಲೆ ಬಾಗಿದ ಪುಟ್ಟ ಕೈ: ಯಾವ ಭಿತ್ತಿಪತ್ರಕ್ಕೂ ಒಪ್ಪುವ ಚಿತ್ರವಿದು. ಆದರೆ ಆ ಹೊಲ ಯಾರದು, ಅದು ಶಾಲೆಯ ಹೊತ್ತೋ ಶಾಲೆ ಬಿಟ್ಟ ಮೇಲಿನ ಹೊತ್ತೋ, ಮಗು ಕೂಲಿಗೆ ಬಂದದ್ದೋ ಅವ್ವನ ಹಿಂದೆ ಬಂದದ್ದೋ ಎಂಬುದನ್ನು ಚಿತ್ರ ತಾನಾಗಿ ಹೇಳಲಾರದು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂದು ನಿಷೇಧಿಸುತ್ತಲೇ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕಾರಿಯಲ್ಲದ ಕಸುಬಿನಲ್ಲಿ ನೆರವಾಗುವುದಕ್ಕೆ ಅವಕಾಶ ಕೊಟ್ಟಿದೆ. ಈ ವಿನಾಯಿತಿಯ ಬಗ್ಗೆ ಏನೇ ಆಕ್ಷೇಪವಿರಲಿ, ಹೊಲದ ಒಡೆತನ ಮತ್ತು ಗಡಿಯಾರದ ಹೊತ್ತು ತಿಳಿಯದೆ ಚಿತ್ರದ ಕೆಳಗೆ ‘ಬಾಲಕಾರ್ಮಿಕ’ ಎಂದು ಬರೆದರೆ ಬಡ ರೈತ ಕುಟುಂಬವೊಂದರ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗಬಹುದು. ಕೂಲಿಗೇ ಬಂದ ಮಗುವಿನ ಚಿತ್ರಕ್ಕೆ ‘ಹೊಲದಲ್ಲಿ ಆಟ’ ಎಂದು ಬರೆದರೆ ಅದು ಇನ್ನೂ ಕೆಟ್ಟ ಸುಳ್ಳಾಗುತ್ತದೆ. ಅದಕ್ಕಾಗಿ ಚಿತ್ರದ ಜೊತೆಗೇ ದಿನ, ಹೊತ್ತು, ಕೆಲಸದ ಸ್ವರೂಪ, ವಿವರ ಹೇಳಿದವರು ಯಾರು ಎಂಬ ಟಿಪ್ಪಣಿಯನ್ನು ಛಾಯಾಗ್ರಾಹಕರಿಂದ ಪಡೆಯುವ ಷರತ್ತು ಕೆಲಸ ಒಪ್ಪಿಸುವ ಪತ್ರದಲ್ಲಿಯೇ ಇರಬೇಕು.

ಹೈನ್ ಅವರಿಗಿದ್ದ ಒಂದು ಸ್ವಾತಂತ್ರ್ಯ ಮಾತ್ರ ಇಂದು ಇಲ್ಲಿ ಇಲ್ಲ. ಅವರು ಮಕ್ಕಳ ಹೆಸರು, ಊರುಗಳನ್ನು ಚಿತ್ರದ ಕೆಳಗೇ ಬರೆದಿದ್ದರು, ಅದರಿಂದಾಗಿ ಒಂದು ಶತಮಾನದ ನಂತರ ಆ ಮಕ್ಕಳ ವಂಶಸ್ಥರನ್ನು ಹುಡುಕಲು ಸಾಧ್ಯವಾಯಿತು. ಭಾರತದ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ, ಅಪರಾಧಕ್ಕೆ ತುತ್ತಾದ ಅಥವಾ ಸಾಕ್ಷಿಯಾದ ಮಗುವಿನ, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಬೇರಾವುದೇ ವಿವರವನ್ನಾಗಲಿ ಚಿತ್ರವನ್ನಾಗಲಿ ವಿಚಾರಣೆ, ತನಿಖೆ, ನ್ಯಾಯಾಂಗ ಪ್ರಕ್ರಿಯೆಗಳ ವರದಿಯಲ್ಲಿ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾರ್ಮಿಕ ಕಾನೂನಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗುವೂ, ಬಾಲ್ಯವಿವಾಹದ ಅಂಚಿನಲ್ಲಿರುವ ಮಗುವೂ ಈ ಕಾಯ್ದೆಯ ದೃಷ್ಟಿಯಲ್ಲಿ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳೇ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರು, ಚಿತ್ರ, ಕುಟುಂಬ, ಶಾಲೆಗಳ ಜೊತೆಗೆ ನೆರೆಹೊರೆಯನ್ನೂ ಹೆಸರಿಸುತ್ತದೆ. ನಿಪುಣ್ ಸಕ್ಸೇನಾ ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೂರದಿಂದಲೂ ಗುರುತು ಸಿಗುವಂಥ ಯಾವ ಸಂಗತಿಯನ್ನೂ ಪ್ರಕಟಿಸಬಾರದೆಂದು ಹೇಳಿತು. ಶಾಲೆ, ನೆರೆಹೊರೆ ಎಂಬ ಈ ಎರಡು ಪದಗಳ ಮುಂದೆ ಕಣ್ಣಿನ ಮೇಲಿನ ಕಪ್ಪು ಪಟ್ಟಿಗೆ ಬೆಲೆಯೇ ಉಳಿಯುವುದಿಲ್ಲ.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ನಿಂತ ಹುಡುಗಿಯ ಚಿತ್ರವೊಂದನ್ನು ಸಂಪಾದಕರ ಕಣ್ಣಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮುಖವನ್ನು ಪೂರ್ತಿ ಮಸುಕುಗೊಳಿಸಲಾಗಿದೆ ಎಂದುಕೊಳ್ಳೋಣ. ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಶಾಲೆಯ ಹೆಸರು, ಊರು, ತಾಲ್ಲೂಕು, ಅದರ ಕೆಳಗೆ ಶಾಲೆಯ ಗುರುತಿನ ಡೈಸ್ ಸಂಖ್ಯೆ; ಪಕ್ಕದಲ್ಲಿ ಬಿಸಿಯೂಟದ ವಾರದ ಪಟ್ಟಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರ ಹೆಸರಿನ ಫಲಕ. ಕೈಯಲ್ಲಿರುವ ನೋಟುಪುಸ್ತಕದ ರಟ್ಟಿನ ಮೇಲೆ ಅವಳೇ ಅಂದವಾಗಿ ಬರೆದ ಹೆಸರು, ತರಗತಿ. ಎರಡು ಜಡೆಗಳಲ್ಲಿ ಒಂದಕ್ಕೆ ಕೆಂಪು ರಿಬ್ಬನ್, ಇನ್ನೊಂದಕ್ಕೆ ಬೇರೆ ಬಣ್ಣದ್ದು. ಹೊರಗಿನವರು ಗೋಡೆಯನ್ನು ಓದುತ್ತಾರೆ, ಊರಿನವರಿಗೆ ರಿಬ್ಬನ್ನೇ ಸಾಕು. ಇದಲ್ಲದೆ, ಫೋನಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ತೆಗೆದ ಹೊತ್ತು, ಸ್ಥಳದ ಅಕ್ಷಾಂಶ ರೇಖಾಂಶಗಳು ಕಣ್ಣಿಗೆ ಕಾಣದಂತೆ ದಾಖಲಾಗಿರುತ್ತವೆ; ಮೆಟಾಡೇಟಾ ಎನ್ನುವ ಈ ಅಡಕ ಮಾಹಿತಿಯನ್ನು ಅಳಿಸದೆ ಕಡತವನ್ನು ಹೊರಗೆ ಕಳುಹಿಸಿದರೆ ಮನೆಯ ಬಾಗಿಲನ್ನೇ ತೋರಿಸಿಕೊಟ್ಟಂತೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಹಿನ್ನೆಲೆಯ ತೊಡಕು ಬೇರೆ ರೀತಿಯಲ್ಲೂ ಎದುರಾಗುತ್ತದೆ. ಸವಣೂರಿನ ದೊಡ್ಡಹುಣಸೆ ಮರಗಳ ಬೊಡ್ಡೆಯನ್ನಾಗಲಿ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಂಬಗಳನ್ನಾಗಲಿ, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಗದ್ದುಗೆಯನ್ನಾಗಲಿ ನೋಡಿದ ಛಾಯಾಗ್ರಾಹಕರಿಗೆ ಅವುಗಳ ಮುಂದೆ ಮಗುವನ್ನು ನಿಲ್ಲಿಸುವ ಆಸೆ ಹುಟ್ಟುವುದು ಸಹಜ. ಸಂತಸದ, ಸಾಧನೆಯ ಚಿತ್ರಗಳಿಗೆ ಆ ಹಿನ್ನೆಲೆ ಹೆಮ್ಮೆಯದೂ ಹೌದು. ಮದುವೆಯಿಂದ ಪಾರಾದ, ದೌರ್ಜನ್ಯಕ್ಕೆ ಸಿಕ್ಕ, ಕೂಲಿಯಿಂದ ಬಿಡಿಸಿ ತಂದ ಮಗುವಿನ ಮಟ್ಟಿಗೆ ಅದೇ ಹಿನ್ನೆಲೆ ಕಾನೂನು ಹೇಳುವ ನೆರೆಹೊರೆಯಾಗುತ್ತದೆ. ಅಂಥ ಚಿತ್ರಗಳಲ್ಲಿ ಸ್ಥಳವನ್ನು ಜಿಲ್ಲೆಯ ಮಟ್ಟಕ್ಕೆ ನಿಲ್ಲಿಸಿ, ಮಗುವಿನ ಬದಲು ಅದರ ಬದುಕನ್ನು ಹೇಳುವ ವಸ್ತುಗಳನ್ನು ಚಿತ್ರಿಸುವುದೇ ಲೇಸು. ಮಸುಕು ಮಾಡಿದ ಮುಖ ಮಗುವನ್ನು ಅಪರಾಧಿಯಂತೆ ತೋರಿಸುತ್ತದೆ ಎಂಬುದೂ ಇದಕ್ಕೆ ಒಂದು ಕಾರಣ. ಎಲೆಯ ಹಸಿರು ಅಂಟಿದ ಉಗುರು ಹಾಗೆ ತೋರಿಸುವುದಿಲ್ಲ.

ಚಿತ್ರ ತೆಗೆಯುವವರ ಆಯ್ಕೆಯೂ ಸಂಪಾದನೆಯ ಭಾಗವೇ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ಬಂದು ಒಂದೇ ದಿನದಲ್ಲಿ ಹಿಂದಿರುಗುವವರಿಗೆ ಬಡತನ ಬೇಗ ಕಾಣುತ್ತದೆ, ಮಗು ಕಾಣುವುದು ತಡ. ತಾಲ್ಲೂಕು ಕೇಂದ್ರದ ಸ್ಟುಡಿಯೊದವರಿಗೆ ಊರು, ಮಾತು, ಮನೆಗಳೆಲ್ಲ ಗೊತ್ತು. ಆದರೆ ಮದುವೆ ಆಲ್ಬಮ್ಮಿನಲ್ಲಿ ಪಳಗಿದ ಕೈ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಗಿಸುತ್ತದೆ, ಕಂಪ್ಯೂಟರಿನಲ್ಲಿ ಅವರ ಮೈಬಣ್ಣವನ್ನು ತಿಳಿ ಮಾಡುತ್ತದೆ. ಊರಿನವರ ವಿಶ್ವಾಸವೇ ದೊಡ್ಡ ಬಂಡವಾಳವಾದ ಈ ಕೆಲಸಕ್ಕೆ ಎರಡನೆಯವರನ್ನು ಆರಿಸಿ, ಬಣ್ಣ ತಿದ್ದಬಾರದೆಂಬ ಮಾತನ್ನು ಮೊದಲೇ ಬರೆದುಕೊಡುವುದು ಉತ್ತಮ.

ಏನನ್ನು ಚಿತ್ರಿಸಬೇಕು ಎಂಬ ಸೂಚನೆಯಲ್ಲಿ ಸಂಸ್ಥೆಯ ಮನಸ್ಸು ತಿಳಿಯುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ, ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು 16ನೇ ವಿಧಿಯಲ್ಲಿ ಮಗುವಿನ ಖಾಸಗಿತನವನ್ನು ಕಾಯುವಂತೆಯೇ, 12ನೇ ವಿಧಿಯಲ್ಲಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತನಾಡುವ ಹಕ್ಕನ್ನೂ ಕೊಡುತ್ತದೆ. ಈ ಎರಡನೆಯದನ್ನು ಚಿತ್ರಿಸುವ ಒಳ್ಳೆಯ ಅವಕಾಶ ಕರ್ನಾಟಕದಲ್ಲಿ 2006ರಿಂದ ನಡೆದು ಬಂದಿರುವ ಮಕ್ಕಳ ಗ್ರಾಮಸಭೆ. ಊರಿನ ಮಕ್ಕಳು ಗ್ರಾಮ ಪಂಚಾಯ್ತಿಯ ಮುಂದೆ ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬೇಡಿಕೆ ಇಡುವ ಸಭೆ ಅದು. ಆದರೆ ಅದರ ಬಹುಪಾಲು ಚಿತ್ರಗಳಲ್ಲಿ ಕಾಣುವುದು ದೀಪ ಬೆಳಗಿಸುವ ಗಣ್ಯರು, ವೇದಿಕೆಯ ಮೇಲಿನ ಶಾಲು ಹಾರ; ಮಕ್ಕಳದು ಮುಂಭಾಗದಲ್ಲಿ ಬೆನ್ನುಗಳ ಸಾಲು. ಛಾಯಾಗ್ರಾಹಕರನ್ನು ವೇದಿಕೆಗೆ ಬೆನ್ನು ಮಾಡಿ ನಿಲ್ಲಿಸಿದರೆ, ಮೈಕು ಹಿಡಿದು ಎದ್ದು ನಿಂತ ಹುಡುಗಿ, ಅವಳ ಚೀಟಿಯನ್ನು ಇಣುಕಿ ನೋಡುವ ಪಕ್ಕದವಳು, ಉತ್ತರಕ್ಕಾಗಿ ಕಾಯುವ ಕಣ್ಣುಗಳು ಸಿಗುತ್ತವೆ. ಇಲ್ಲಿ ಮುಖ ಮುಚ್ಚುವ ಅಗತ್ಯವಿಲ್ಲ. ಮಗುವಿಗೂ ಮನೆಯವರಿಗೂ ಒಪ್ಪಿಗೆಯಿದ್ದರೆ ಮುಖ ತೋರಿಸುವುದೇ ನ್ಯಾಯ.

ಇದಕ್ಕೆ ತೀರ ವಿರುದ್ಧವಾದದ್ದು, ರೈತರ ಆತ್ಮಹತ್ಯೆಗಳಿಂದ ನೊಂದ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕಾಣುವ ಒಂದು ಭಂಗಿ: ಹಾರ ಹಾಕಿದ ಅಪ್ಪನ ಫೋಟೊವನ್ನು ಎದೆಗೆ ಹಿಡಿದು ಹೊಸ್ತಿಲಲ್ಲಿ ನಿಂತ ಮಗು. ಆ ಫೋಟೊವನ್ನು ಗೋಡೆಯಿಂದ ಇಳಿಸಿ ಮಗುವಿನ ಕೈಗೆ ಕೊಡುವವರು ಚಿತ್ರ ತೆಗೆಯಲು ಬಂದವರೇ. ದುಃಖವನ್ನು ಅಭಿನಯಿಸಲು ಮಗುವಿಗೆ ಹೇಳುವ ಈ ಕ್ರೌರ್ಯವನ್ನು ಪ್ರತಿ ಸಂಸ್ಥೆಯೂ ತನ್ನ ಸೂಚನಾ ಪತ್ರದಲ್ಲಿ ಹೆಸರಿಟ್ಟು ನಿಷೇಧಿಸಬೇಕು, ಬಂದ ಚಿತ್ರಗಳಲ್ಲಿ ಅದು ಕಂಡರೆ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.

ಕೊನೆಯದಾಗಿ ಉಳಿಯುವುದು ಒಪ್ಪಿಗೆಯ ಮಾತು. ಇಂಗ್ಲಿಷ್ ನಮೂನೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಸವಣೂರಿನ ಓಣಿಯಲ್ಲಿ ಉರ್ದುವಿನಲ್ಲಿ, ತಾಂಡಾದಲ್ಲಿ ಲಂಬಾಣಿ ನುಡಿಯಲ್ಲಿ, ಉಳಿದೆಡೆ ಆ ಸೀಮೆಯ ಆಡುಗನ್ನಡದಲ್ಲಿ, ಈ ಚಿತ್ರ ಎಲ್ಲಿ ಅಚ್ಚಾಗುತ್ತದೆ, ಯಾರು ನೋಡುತ್ತಾರೆ, ಬೇಡವೆಂದರೂ ಸಂಸ್ಥೆಯ ನೆರವು ನಿಲ್ಲುವುದಿಲ್ಲ ಎಂಬುದನ್ನು ವಿವರಿಸಬೇಕು. ಪಾಲಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಪ್ರತ್ಯೇಕವಾಗಿ ಬೇಕು. ತೆಗೆದ ಚಿತ್ರವನ್ನು ಮಗುವಿಗೆ ತೋರಿಸಿದಾಗ ಹರಿದ ಅಂಗಿ ಕಾಣುವ ಚಿತ್ರ ಬೇಡವೆಂದು ಅದು ಹೇಳಿದರೆ ಆ ಮಾತೇ ಅಂತಿಮ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ತೆಗೆಸಿದವರದು, ಮತ್ತು 2012ರ ತಿದ್ದುಪಡಿಯ ನಂತರ ಅದು ಛಾಯಾಗ್ರಾಹಕರ ಜೀವಿತಾವಧಿಯ ಮೇಲೆ ಇನ್ನೂ 60 ವರ್ಷ ಉಳಿಯುತ್ತದೆ. ಚಿತ್ರದಲ್ಲಿರುವ ಮಗುವಿಗೆ ಆ ಹಕ್ಕಿನಲ್ಲಿ ಪಾಲಿಲ್ಲ. ಆ ಮಗು ಮುಪ್ಪಾದ ಮೇಲೂ ಅದರ ಹತ್ತನೇ ವಯಸ್ಸಿನ ಬಡತನ ಬೇರೆಯವರ ಸ್ವತ್ತಾಗಿಯೇ ಇರುತ್ತದೆ. ಹಾಗಾಗಿ ಸಂಸ್ಥೆಯ ಚಿತ್ರಸಂಗ್ರಹದಲ್ಲಿ ಪ್ರತಿ ಚಿತ್ರಕ್ಕೂ ಒಂದು ಗುಪ್ತ ಸಂಖ್ಯೆ, ಬೀಗದೊಳಗಿನ ದಾಖಲೆಪುಸ್ತಕದಲ್ಲಿ ಮಗುವಿನ ನಿಜವಾದ ಹೆಸರು, ಅದರ ಮುಂದೆ ಮಗುವಿಗೆ 18 ತುಂಬುವ ದಿನಾಂಕ ಇರಬೇಕು. 2025ರಲ್ಲಿ ಹಿರೇಕೆರೂರು ತಾಲ್ಲೂಕಿನ ಹೊಲವೊಂದರಲ್ಲಿ ಹತ್ತು ವರ್ಷದವಳಾಗಿದ್ದವಳ ಹೆಸರಿನ ಮುಂದೆ 2033 ಎಂದಿರುತ್ತದೆ. ಆ ವರ್ಷ ಯಾರಾದರೂ ಒಬ್ಬರು ಅವಳ ಮನೆಗೆ ಚಿತ್ರದ ಪ್ರತಿಯನ್ನು ಒಯ್ದು, ಇದು ಇರಲೋ ಬೇಡವೋ ಎಂದು ಅವಳನ್ನೇ ಕೇಳಿ ಬರಬೇಕು.