ಕಿತ್ತ ಕಳೆ ಎಲ್ಲಿಗೆ ಹೋಯ್ತು?

ಫಸ್ಟ್ ಇಯರ್‌ನಲ್ಲಿ ನಾವೊಂದಿಷ್ಟು ಜನ ಕಾಲೇಜಿನ ಹತ್ತಿರದ ಕೆರೆ ಕ್ಲೀನ್ ಮಾಡೋಕೆ ಹೋಗಿದ್ವಿ. ಭಾನುವಾರ ಬೆಳಿಗ್ಗೆ ಏಳು ಗಂಟೆ, ಎಲ್ಲರಿಗೂ ಒಂದೇ ಥರ ಟಿ-ಶರ್ಟು, ಗ್ಲೌಸು, ಕೊನೆಗೆ ಇಡ್ಲಿ-ವಡೆ. ಮೂರು ಗಂಟೆ ಸೊಂಟ ಬಗ್ಗಿಸಿ ದಡದ ಹತ್ತಿರ ಬೆಳೆದಿದ್ದ ಅಂತರಗಂಗೆಯನ್ನ ಎಳೆದು ಹಾಕಿದ್ವಿ. ಒಂದು ಮೂಲೆಯಲ್ಲಿ ನೀರು ಕಾಣಿಸಿತು. ಗ್ರೂಪ್ ಫೋಟೋನೂ ಆಯ್ತು. ಹೊರಡೋ ಹೊತ್ತಿಗೆ, ಅಲ್ಲಿ ದಿನಾ ವಾಕಿಂಗ್ ಬರೋ ಹಿರಿಯರೊಬ್ಬರು ನಮ್ಮನ್ನ ನಿಲ್ಲಿಸಿ ಕೇಳಿದ್ರು: "ಕಿತ್ತಿದ್ದನ್ನೆಲ್ಲ ಇಲ್ಲೇ ಬಿಟ್ಟು ಹೋಗ್ತೀರೇನಪ್ಪಾ?"

"ಒಣಗತ್ತೆ ಬಿಡಿ ಸಾರ್" ಅಂದ್ವಿ.

"ಒಣಗತ್ತೆ, ಆಮೇಲೆ ಮಳೆ ಬರತ್ತೆ" ಅಂತ ಹೇಳಿ ಅವರು ನಡ್ಕೊಂಡು ಹೋದ್ರು.

ಎರಡು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಹೋದಾಗ ನೋಡಿದ್ರೆ ನಾವು ಬಿಡಿಸಿದ ಮೂಲೆ ಮತ್ತೆ ಪೂರ್ತಿ ಹಸಿರು. ನನಗೆ ಆಗ ಬಂದಿದ್ದು ಕೋಪ ಅಷ್ಟೆ. ಅವರ ಮಾತಿನ ಅರ್ಥ ಆಗೋಕೆ ಈ ವರ್ಷದ ಎನ್ವಿರಾನ್ಮೆಂಟಲ್ ಲ್ಯಾಬ್ ಮುಗಿಯಬೇಕಾಯ್ತು. ಕೆರೆ ನೋಡಿಕೊಳ್ಳೋದು ಅಂದ್ರೆ ನಿಜವಾಗಿ ಏನು ಕೆಲಸ ಅಂತ ನನಗೆ ಅರ್ಥ ಆದಷ್ಟನ್ನ ಇಲ್ಲಿ ಬರೀತಿದ್ದೀನಿ. ನಮ್ಮ ಕ್ಯಾಂಪಸ್‌ನಿಂದ ಮತ್ತೆ ಯಾರಾದ್ರೂ ಹೋಗೇ ಹೋಗ್ತಾರೆ, ಅವರಾದ್ರೂ ಕಿತ್ತ ಕಳೆ ಬಿಟ್ಟು ಬರದೇ ಇರಲಿ.

ಅಂತರಗಂಗೆ ನಮ್ಮ ಊರಿನ ಗಿಡ ಅಲ್ಲ, ದಕ್ಷಿಣ ಅಮೆರಿಕದ್ದು. ಅನುಕೂಲ ಇದ್ದರೆ ಎರಡು ವಾರದೊಳಗೆ ದುಪ್ಪಟ್ಟಾಗತ್ತೆ. ಆ ಅನುಕೂಲ ಅಂದ್ರೆ ಮುಖ್ಯವಾಗಿ ಸಾರಜನಕ ಮತ್ತು ರಂಜಕ, ಅಂದ್ರೆ ನಾವು ಹೊಲಕ್ಕೆ ಹಾಕೋ ಗೊಬ್ಬರದಲ್ಲಿ ಇರೋವೇ. ಕೆರೆಗೆ ಗೊಬ್ಬರ ಯಾರು ಹಾಕಿದ್ರು ಅಂದ್ರೆ, ನಾವೇ. ಬಚ್ಚಲು ನೀರು, ಟಾಯ್ಲೆಟ್ ನೀರು, ಸೋಪಿನ ನೀರು ರಾಜಕಾಲುವೆಗೆ ಸೇರಿ ಕೆರೆಗೆ ಬರತ್ತೆ. ಕಳೆ ಆ ಗೊಬ್ಬರವನ್ನ ತಿಂದು ತನ್ನ ಮೈಯಲ್ಲಿ ಇಟ್ಟುಕೊಳ್ಳತ್ತೆ. ಅದನ್ನ ಕಿತ್ತು ಏರಿ ಮೇಲೆ ಹಾಕಿದ್ರೆ ಕೊಳೆಯತ್ತೆ, ಮಳೆ ಬಂದಾಗ ಆ ಗೊಬ್ಬರ ಮತ್ತೆ ನೀರಿಗೆ ಇಳಿಯತ್ತೆ. ಮಾಸ್ ಬ್ಯಾಲೆನ್ಸ್ ಬರೆದ್ರೆ ನಮ್ಮ ಮೂರು ಗಂಟೆ ಕೆಲಸದ ಉತ್ತರ ಹೆಚ್ಚುಕಡಿಮೆ ಸೊನ್ನೆ.

ಸರಿ, ಕಳೆಯನ್ನ ಹೊರಗೆ ಸಾಗಿಸಿ ಕಾಂಪೋಸ್ಟ್ ಮಾಡಿದ್ರು ಅಂತಲೇ ಇಟ್ಕೊಳ್ಳಿ. ಒಂದು ಟನ್ ಹಸಿ ಅಂತರಗಂಗೆಯಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಬರೀ ನೀರು. ಒಣಗಿಸಿದ್ರೆ ಸುಮಾರು 50 ಕೆ.ಜಿ. ಉಳಿಯತ್ತೆ, ಅದರಲ್ಲಿ ಸಾರಜನಕ ಹೆಚ್ಚುಕಡಿಮೆ ಒಂದು ಕೆ.ಜಿ. ಈಗ ಇನ್ನೊಂದು ಕಡೆ ನೋಡಿ. ಸಾವಿರ ಜನ ಇರೋ ಒಂದು ಬಡಾವಣೆಯಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಕೊಳಚೆ ನೀರು ಬರತ್ತೆ ಅಂದ್ಕೊಳ್ಳಿ, ತಲೆಗೆ ನೂರು ಲೀಟರ್. ಮನೆಗಳ ಕೊಳಚೆಯಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸಾರಜನಕ ಇರತ್ತೆ. ಗುಣಿಸಿ. ದಿನಕ್ಕೆ ನಾಲ್ಕು ಕೆ.ಜಿ. ಅಂದ್ರೆ ಆ ಒಂದು ಪೈಪಿಗೆ ಸರಿಸಮ ಆಗೋಕೆ ದಿನಾ ನಾಲ್ಕು ಟನ್ ಕಳೆ ಕೀಳಬೇಕು. ದಿನಾ!

ಈ ಲೆಕ್ಕ ಮಾಡಿದ ದಿನ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಕೆರೆಗೆ ಬೇಕಾಗಿರೋದು ಕಳೆ ಕೀಳೋ ನೂರು ಜನಕ್ಕಿಂತ ಮೊದಲು, ನೀರು ಒಳಗೆ ಬರೋ ಜಾಗವನ್ನ ವಾರವಾರ ಹೋಗಿ ನೋಡೋ ಇಬ್ಬರು. ಕಳೆ ಕೀಳೋದು ಬೇಡ ಅಂತ ಹೇಳ್ತಿಲ್ಲ. ಅದು ನೀರನ್ನ ಪೂರ್ತಿ ಮುಚ್ಚಿದ್ರೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ, ಕೀಳಲೇಬೇಕು. ಆದ್ರೆ ಅದು ನೆಲ ಒರೆಸೋ ಕೆಲಸ, ನಲ್ಲಿ ಸೋರ್ತಾನೇ ಇದೆ.

ಹಾಗಂತ ಎಲ್ಲ ಕಾಲುವೆ ಮುಚ್ಚಿಬಿಟ್ರೆ ಆಯ್ತಲ್ಲ ಅಂತ ನನ್ನ ರೂಮ್‌ಮೇಟ್ ಕೇಳಿದ. ಆಗ ಕೆರೆಯೇ ಇರಲ್ಲ. ಇದಕ್ಕೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಒಳ್ಳೆ ಉದಾಹರಣೆ. (ಬೆಂಗಳೂರಲ್ಲಿ ಎರಡು ಪುಟ್ಟೇನಹಳ್ಳಿ ಕೆರೆಗಳಿವೆ. ಯಲಹಂಕದ ಹತ್ತಿರದ್ದು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಆಯ್ತು. ಮೊದಲ ಸಲ ಹೋಗುವಾಗ ಮ್ಯಾಪ್ ನನ್ನನ್ನ ಅಲ್ಲಿಗೇ ಕಳಿಸೋದ್ರಲ್ಲಿತ್ತು.) ಜೆ.ಪಿ. ನಗರದ ಕೆರೆ ಚಿಕ್ಕದು, ಸುಮಾರು 13 ಎಕರೆ. ಸುತ್ತ ಬಡಾವಣೆಗಳು ಎದ್ದು, ಮಳೆನೀರು ಬರೋ ದಾರಿ ತಪ್ಪಿ, ಕೆರೆ ಒಣಗಿ ಕಸ ಸುರಿಯೋ ಜಾಗ ಆಗ್ತಿತ್ತು. ಲೇಖಕಿ ಉಷಾ ರಾಜಗೋಪಾಲನ್ ಮತ್ತು ಅಕ್ಕಪಕ್ಕದ ಕೆಲವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿದ್ರು, 2011ರಲ್ಲಿ ಪಾಲಿಕೆ ಜೊತೆ ಕೆರೆ ನೋಡಿಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿದ್ರು.

ಈಗ ಅದೇ 13 ಎಕರೆಗೆ ಒಂದು ಲೆಕ್ಕ. ಬೇಸಿಗೆಯಲ್ಲಿ ತೆರೆದ ನೀರಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ಆವಿ ಆಗತ್ತೆ. ಕೇಳೋಕೆ ಏನೂ ಅಲ್ಲ ಅನ್ನಿಸತ್ತೆ. ಕೆರೆ ತುಂಬಿದಾಗ 13 ಎಕರೆ ಪೂರ್ತಿ ನೀರು ಇದೆ ಅಂದ್ಕೊಂಡ್ರೆ ಅದು ದಿನಕ್ಕೆ ಎರಡೂವರೆ ಲಕ್ಷ ಲೀಟರಿಗಿಂತ ಜಾಸ್ತಿ, ಅಂದ್ರೆ ಆರು ಸಾವಿರ ಲೀಟರಿನ ನಲವತ್ತಕ್ಕಿಂತ ಹೆಚ್ಚು ಟ್ಯಾಂಕರ್. ಮೂರು ತಿಂಗಳಿಗೆ 45 ಸೆಂಟಿಮೀಟರ್, ಅಂದ್ರೆ ಮೊಣಕಾಲು ಮುಳುಗೋಷ್ಟು ನೀರು ಆಕಾಶಕ್ಕೆ ಹೋಗತ್ತೆ. ಮಳೆನೀರಿನ ದಾರಿ ಕಡಿದು ಹೋದ ಕೆರೆಗೆ ಇದನ್ನ ಯಾರು ತುಂಬಿಕೊಡಬೇಕು? ಪುಟ್ಟೇನಹಳ್ಳಿಯವರು ಮಳೆನೀರಿನ ಚರಂಡಿಗಳನ್ನ ಮತ್ತೆ ಕೆರೆ ಕಡೆ ತಿರುಗಿಸೋಕೆ ಓಡಾಡಿದ್ರು, ಪಕ್ಕದ ಅಪಾರ್ಟ್‌ಮೆಂಟ್ ಸಮುಚ್ಚಯದ ಸಂಸ್ಕರಿಸಿದ ನೀರನ್ನ ಕೆರೆಗೆ ತಂದ್ರು. ಇದೆಲ್ಲ ಟಿ-ಶರ್ಟ್ ಹಾಕ್ಕೊಂಡು ಒಂದು ಬೆಳಿಗ್ಗೆ ಮುಗಿಯೋ ಕೆಲಸ ಅಲ್ಲ. ಅರ್ಜಿ, ಮೀಟಿಂಗು, ಮತ್ತೆ ಅರ್ಜಿ.

ಸಂಸ್ಕರಿಸಿದ ನೀರಲ್ಲೂ ಒಂದು ತೊಡಕಿದೆ. ಸಾಮಾನ್ಯ ಎಸ್‌ಟಿಪಿ ಕೊಳಚೆಯ ಬಿಒಡಿ ಇಳಿಸತ್ತೆ, ನೀರು ತಿಳಿಯಾಗಿ ಕಾಣತ್ತೆ, ಆದ್ರೆ ಸಾರಜನಕ-ರಂಜಕ ಸಾಕಷ್ಟು ಉಳಿದೇ ಇರತ್ತೆ. ಇದಕ್ಕೆ ಜಕ್ಕೂರು ಕೆರೆಯಲ್ಲಿ ಮಾಡಿರೋ ವ್ಯವಸ್ಥೆ ನೋಡಬೇಕು. ಅಲ್ಲಿ ಎಸ್‌ಟಿಪಿಯಿಂದ ಬರೋ ನೀರು ನೇರವಾಗಿ ಕೆರೆಗೆ ಬೀಳಲ್ಲ. ಮೊದಲು ಜೊಂಡು ಮತ್ತಿತರ ನೀರುಗಿಡ ತುಂಬಿದ ಜೌಗು ಪ್ರದೇಶದಲ್ಲಿ ನಿಧಾನವಾಗಿ ಹರಿದು, ಆ ಗಿಡಗಳಿಗೆ ಊಟ ಹಾಕಿ, ಆಮೇಲೆ ಕೆರೆ ಸೇರತ್ತೆ. ಕೆರೆಯೊಳಗೆ ಶತ್ರು ಆಗಿರೋ ಗಿಡವೇ ಇಲ್ಲಿ ಫಿಲ್ಟರ್. ಆದ್ರೆ ಆ ಗಿಡಗಳನ್ನ ಆಗಾಗ ಕತ್ತರಿಸಿ ಹೊರಗೆ ಸಾಗಿಸಲೇಬೇಕು, ಇಲ್ಲದಿದ್ರೆ ಅಲ್ಲೇ ಸತ್ತು ಕೊಳೆತು ತಿಂದಿದ್ದನ್ನ ವಾಪಸ್ ಕೊಡತ್ತೆ. ನಮ್ಮ ಹಿರಿಯರ ಅದೇ ಪ್ರಶ್ನೆ: ಕತ್ತರಿಸಿದ್ದು ಎಲ್ಲಿಗೆ ಹೋಯ್ತು?

ಜೊಂಡಿನ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಉತ್ಸಾಹದಲ್ಲಿ ದಡದ ಜೊಂಡನ್ನೆಲ್ಲ ಬೋಳಿಸಬೇಡಿ. ನಾಮದ ಕೋಳಿ, ಗುಳುಮುಳುಕ ಇವೆಲ್ಲ ಗೂಡು ಕಟ್ಟೋದು ನೀರಲ್ಲಿ ನಿಂತ ಗಿಡಗಳ ನಡುವೆ. ಅಲ್ಲಲ್ಲಿ ಬಿಡಿಸಿ, ಅಲ್ಲಲ್ಲಿ ಬಿಡಬೇಕು, ಯಾವ ತಿಂಗಳಲ್ಲಿ ಕೈ ಹಾಕಬಾರದು ಅಂತ ಹಕ್ಕಿ ನೋಡೋರನ್ನ ಕೇಳಬೇಕು. ಹಾಗೇ ಕೆರೆ ಅಂದ ತಕ್ಷಣ ಏರಿ ಮೇಲೆ ಸಾಲಾಗಿ ಗಿಡ ನೆಡೋಣ ಅನ್ನೋರು ಸಿವಿಲ್‌ನವರನ್ನ ಒಮ್ಮೆ ವಿಚಾರಿಸಿ. ಮಣ್ಣಿನ ಏರಿಯೊಳಗೆ ದೊಡ್ಡ ಮರದ ಬೇರು ಇಳಿದು, ಆ ಮರ ಸತ್ತು ಬೇರು ಕೊಳೆತರೆ ನೀರಿಗೆ ಸುರಂಗ ತೋಡಿಕೊಟ್ಟ ಹಾಗೆ.

ಮೀನು ಸಾಯೋ ಸುದ್ದಿ ಪ್ರತಿ ಬೇಸಿಗೆ ಪೇಪರಲ್ಲಿ ಬರತ್ತೆ, "ಕೆರೆಗೆ ವಿಷ?" ಅಂತ ಹೆಡ್‌ಲೈನ್. ಬಹಳ ಸಲ ವಿಷ ಬೇಕಾಗೇ ಇರಲ್ಲ. 25 ಡಿಗ್ರಿಯ ನೀರಲ್ಲಿ ಕರಗಿ ನಿಲ್ಲಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಇದು ಏರತ್ತೆ, ಯಾಕಂದ್ರೆ ಪಾಚಿ ದ್ಯುತಿಸಂಶ್ಲೇಷಣೆ ಮಾಡ್ತಿರತ್ತೆ. ರಾತ್ರಿ ಅದೇ ಪಾಚಿ ಉಸಿರಾಡತ್ತೆ, ಬೆಳಗಿನ ಜಾವಕ್ಕೆ ಆಮ್ಲಜನಕ ತಳಕ್ಕೆ ಇಳಿದಿರತ್ತೆ. ಅಂಥ ಹೊತ್ತಲ್ಲಿ ವರ್ಷದ ಮೊದಲ ದೊಡ್ಡ ಮಳೆ ಬಿದ್ದು, ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆಯನ್ನೆಲ್ಲ ಒಂದೇ ಸಲ ಕೆರೆಗೆ ನೂಕಿದ್ರೆ, ಉಳಿದಿದ್ದ ಆಮ್ಲಜನಕವೂ ಖಾಲಿ. ಲ್ಯಾಬ್‌ನಲ್ಲಿ ವಿಂಕ್ಲರ್ ಮೆಥಡ್ ಮಾಡುವಾಗ "ಇದನ್ನೆಲ್ಲ ಯಾಕಪ್ಪಾ ಕಲೀಬೇಕು" ಅಂದವರಲ್ಲಿ ನಾನೂ ಒಬ್ಬ. ಸ್ಯಾಂಪಲ್ ತೆಗೆದುಕೊಳ್ಳೋರಿಗೆ ಒಂದು ಮಾತು: ಬಾಟಲಿಗೆ ಕೆರೆ ಹತ್ತಿರವೇ ಮೊದಲ ಎರಡು ರಾಸಾಯನಿಕ ಹಾಕಿ ಫಿಕ್ಸ್ ಮಾಡಿ. ಬಸ್ಸಲ್ಲಿ ಅಲ್ಲಾಡಿಸಿಕೊಂಡು ಲ್ಯಾಬಿಗೆ ತಂದ ನೀರಿನ ರೀಡಿಂಗ್ ಯಾವ ಉಪಯೋಗಕ್ಕೂ ಬರಲ್ಲ. ನಾನು ತಂದಿದ್ದೆ.

ಇಷ್ಟೆಲ್ಲ ಕೆಲಸವನ್ನ ಮೊದಲು ಯಾರು ಮಾಡ್ತಿದ್ರು? ಹಳ್ಳಿಗಳಲ್ಲಿ ನೀರುಗಂಟಿ ಇರ್ತಿದ್ದರು. ತೂಬು ಎತ್ತೋದು, ಇಳಿಸೋದು, ಗದ್ದೆಗಳಿಗೆ ನೀರು ಹಂಚೋದು ಅವರ ಕೆಲಸ. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನೋ ಪದಗಳು ಬರತ್ವೆ, ಕೆರೆ ಕಟ್ಟಿದವರಿಗೆ, ಅದನ್ನ ನೋಡಿಕೊಳ್ಳೋಕೆ ಅಂತ ಬಿಟ್ಟುಕೊಟ್ಟ ಭೂಮಿ. ನನಗೆ ಇದು ಮುಖ್ಯ ಅನ್ನಿಸಿದ್ದು ಯಾಕಂದ್ರೆ ಇದು ಪುಕ್ಕಟೆ ಸೇವೆ ಆಗಿರಲಿಲ್ಲ. ಕೆಲಸಕ್ಕೆ ತಕ್ಕ ಪ್ರತಿಫಲ ಇತ್ತು, ಅದಕ್ಕೇ ಕೆಲಸ ನಿಲ್ಲಲಿಲ್ಲ. ಇವತ್ತು ಸ್ವಯಂಸೇವಕರು ಅಂದ್ರೆ ಎಲ್ಲ ಬಿಟ್ಟಿ ಆಗಬೇಕು ಅನ್ನೋ ಭಾವನೆ ನಮಗಿದೆ. ಆದ್ರೆ ದಿನಾ ಕಸ ಎತ್ತೋರಿಗೆ, ಗೇಟ್ ಕಾಯೋರಿಗೆ ಸಂಬಳ ಕೊಡದೆ ಯಾವ ಕೆರೆಯೂ ಉಳಿಯಲ್ಲ. ಸ್ವಯಂಸೇವಕರು ಮಾಡಬಹುದಾದ ದೊಡ್ಡ ಕೆಲಸಗಳಲ್ಲಿ ಆ ಸಂಬಳಕ್ಕೆ ದುಡ್ಡು ಎತ್ತೋದೂ ಒಂದು.

ಇನ್ನು ಅಧಿಕಾರದ ಪ್ರಶ್ನೆ. ಕೆರೆ ನಮ್ಮದು ಅಂತ ಭಾಷಣ ಮಾಡಬಹುದು, ಕಾಗದದಲ್ಲಿ ಅದು ಸರ್ಕಾರದ್ದು, ನೋಡಿಕೊಳ್ಳೋ ಜವಾಬ್ದಾರಿ ಪಾಲಿಕೆಯದ್ದು. ಕೇಳದೆ ಒಂದು ಬುಟ್ಟಿ ಹೂಳು ತೆಗೆಯೋ ಹಾಗಿಲ್ಲ, ಒಂದು ಮೀನು ಬಿಡೋ ಹಾಗಿಲ್ಲ. 2020ರಲ್ಲಿ ಹೈಕೋರ್ಟ್ ಕಾರ್ಪೊರೇಟ್ ಕಂಪನಿಗಳ ಜೊತೆ ಕೆರೆ ಒಪ್ಪಂದ ಮಾಡಿಕೊಳ್ಳೋದಕ್ಕೆ ತಡೆ ಹಾಕಿದಾಗ, ನಾಗರಿಕ ಗುಂಪುಗಳ ಒಪ್ಪಂದಗಳೂ ಅದರ ಜೊತೆ ನಿಂತು ಹೋದವು. ಕೆರೆ ಸಾರ್ವಜನಿಕರ ಕೈ ತಪ್ಪಬಾರದು ಅನ್ನೋ ಭಯ ನ್ಯಾಯವಾದದ್ದೇ. ಆದ್ರೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಹೋಗಿ ನೋಡ್ತಿದ್ದವರನ್ನ ದೊಡ್ಡ ಕಂಪನಿ ಜೊತೆ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದು ನನಗೆ ಸರಿ ಕಾಣಲ್ಲ.

ಒಪ್ಪಂದ ಇಲ್ಲದೆಯೂ ಯಾರನ್ನೂ ಕೇಳದೆ ಮಾಡಬಹುದಾದ ಕೆಲಸ ಅಂದ್ರೆ ನೋಡಿ ಬರೆದಿಡೋದು. ನಾವು ಆರು ಜನ ಜುಲೈನಿಂದ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಶನಿವಾರ ಬೆಳಿಗ್ಗೆ ಇಬ್ಬರು ಹೋಗ್ತಾರೆ. ಕೋಡಿಯಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ, ಒಳಗೆ ಬರೋ ಮೂರು ಕಾಲುವೆಗಳಲ್ಲಿ ಯಾವುದು ಹರೀತಿದೆ, ಬಣ್ಣ ಏನು, ವಾಸನೆ ಏನು, ನೊರೆ ಇದೆಯಾ. ಬಿಳಿ-ಕಪ್ಪು ಬಣ್ಣ ಬಳಿದ 20 ಸೆಂಟಿಮೀಟರ್ ತಟ್ಟೆಯನ್ನ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ, ಅದು ಕಣ್ಣಿಗೆ ಮರೆಯಾಗೋ ಆಳವನ್ನೂ ಬರೀತೀವಿ. ಇದಕ್ಕೆ ಸೆಕ್ಕಿ ಡಿಸ್ಕ್ ಅಂತ ಹೆಸರು, ನಮ್ಮದು ಹಳೇ ಪೇಂಟ್ ಡಬ್ಬದ ಮುಚ್ಚಳ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಡಿಸೆಂಬರ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ, ಆಮೇಲೆ ಎಲ್ಲರೂ ಊರಿಗೆ. ಐದು ಶನಿವಾರ ನೋಟ್‌ಬುಕ್ ಖಾಲಿ. ಜನವರಿಯಲ್ಲಿ ವಾಪಸ್ ಹೋದಾಗ ಎರಡನೇ ಕಾಲುವೆಯ ಪಕ್ಕ ಒಂದು ಹೊಸ ಪೈಪ್, ಬೂದು ಬಣ್ಣದ ನೀರು. ಫೋಟೋ ತೆಗೆದು ದೂರು ಕೊಟ್ವಿ. ಫೋನಲ್ಲಿ ಸಿಕ್ಕ ಇಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ಯಾವತ್ತಿಂದ ಬರ್ತಿದೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಕಟ್ಟಡದವರು "ಇದು ಮೊದಲಿಂದಲೂ ಇದೆ" ಅಂದ್ರು. ನೋಟ್‌ಬುಕ್‌ನಲ್ಲಿ ನವೆಂಬರ್ ಕೊನೆಯ ಶನಿವಾರ "ಎರಡನೇ ಕಾಲುವೆ ಒಣಗಿದೆ" ಅಂತ ಬರೆದಿದ್ದ ಪುಟವನ್ನ ಕಳಿಸಿದ್ದೀವಿ. ಪೈಪ್ ಇನ್ನೂ ಇದೆ, ದೂರಿಗೆ ನಂಬರ್ ಬಂದಿದೆ.

ನಮ್ಮ ಆರು ಜನರಲ್ಲಿ ಇಬ್ಬರು ಫೈನಲ್ ಇಯರ್, ಮೇ ಆದ ಮೇಲೆ ಇರಲ್ಲ. ಪರೀಕ್ಷೆ ಮತ್ತು ರಜೆಯ ಶನಿವಾರಗಳಿಗೆ ಇದೇ ಊರಿನ ಡೇ-ಸ್ಕಾಲರ್‌ಗಳು ಬೇಕು. ಬ್ರಾಂಚ್ ಯಾವುದಾದ್ರೂ ಸರಿ, ಈಜು ಬರಬೇಕಿಲ್ಲ, ಬೇಗ ಏಳೋಕೆ ಬಂದ್ರೆ ಸಾಕು. ಶನಿವಾರ ಆರೂವರೆಗೆ ಹಾಸ್ಟೆಲ್ ಗೇಟ್ ಹತ್ತಿರ ಇರ್ತೀವಿ, ನೋಟ್‌ಬುಕ್ ನನ್ನ ಬ್ಯಾಗಲ್ಲಿರತ್ತೆ.